ಲೇಖಕರ ಇಮೇಲ್ ನ್ಯೂಸ್‌ಲೆಟರ್: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಮೊದಲ ನ್ಯೂಸ್‌ಲೆಟರ್ (ಓದುಗರಿಗೆ ಆಗಾಗ ಇಮೇಲಿನಲ್ಲಿ ಕಳಿಸುವ ಪತ್ರ) ಕಳಿಸಿದ ಲೇಖಕರು ಹೇಳುವ ತೊಂದರೆಗಳು ಹೆಚ್ಚುಕಡಿಮೆ ಒಂದೇ. "ಮುನ್ನೂರು ಜನಕ್ಕೆ ಕಳಿಸಿದೆ, ಯಾರಿಗೂ ಬಂದಿಲ್ಲವಂತೆ." "ಅಕ್ಷರಗಳೆಲ್ಲ ಏನೇನೋ ಆಗಿ ಕಾಣುತ್ತಿವೆಯಂತೆ." "ಎರಡು ಕಳಿಸಿದೆ, ಮೂರನೆಯದಕ್ಕೆ ಏನು ಬರೆಯೋದು ಅಂತಲೇ ಗೊತ್ತಾಗ್ತಿಲ್ಲ."

ಮೂರಕ್ಕೂ ಕಾರಣ ಕೆಲಸಗಳ ಸರದಿ ಹಿಂದುಮುಂದಾಗಿರುವುದು. ಮೊದಲು ಖಾತೆ ತೆರೆಯುತ್ತಾರೆ. ಫೋನಿನಲ್ಲಿರುವ ವಿಳಾಸಗಳನ್ನೆಲ್ಲ ಅದಕ್ಕೆ ಸುರಿಯುತ್ತಾರೆ. ಏನು ಬರೆಯಬೇಕು ಅನ್ನುವ ಯೋಚನೆ ಕೊನೆಗೆ ಬರುತ್ತದೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಬರಹ, ಆಮೇಲೆ ಕಳಿಸುವ ವ್ಯವಸ್ಥೆ, ಎಲ್ಲ ಆದಮೇಲೆ ಓದುಗರ ಪಟ್ಟಿ.

ಕೈಯಲ್ಲಿ ಇರಬೇಕಾದ್ದು

ಒಂದು ಕಂಪ್ಯೂಟರ್ ಬೇಕು. ಫೋನಿನಲ್ಲಿ ಬರೆಯಬಹುದು, ಆದರೆ ನಾಲ್ಕನೇ ಹಂತದ ಸೆಟ್ಟಿಂಗ್ ಕೆಲಸ ಫೋನಿನಲ್ಲಿ ತುಂಬಾ ಕಷ್ಟ. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ, ಕನ್ನಡ ಟೈಪ್ ಮಾಡುವ ವ್ಯವಸ್ಥೆ ಬೇಕು. ನಿಮ್ಮ ಹೆಸರಿನ ಡೊಮೈನ್, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮದೇ ವಿಳಾಸ, ಇದ್ದರೆ ಒಳ್ಳೆಯದು. ‘ಡಾಟ್ ಇನ್’ ಹೆಸರು ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿ ಒಳಗೇ ಸಿಗುತ್ತದೆ.

ಪರೀಕ್ಷೆಗೆ ಮೂವರನ್ನು ಒಪ್ಪಿಸಿಟ್ಟುಕೊಳ್ಳಿ. ಒಬ್ಬರ ಹತ್ತಿರ ಆಂಡ್ರಾಯ್ಡ್ ಫೋನ್, ಒಬ್ಬರ ಹತ್ತಿರ ಐಫೋನ್, ಇನ್ನೊಬ್ಬರ ಹತ್ತಿರ ವಿಂಡೋಸ್ ಲ್ಯಾಪ್‌ಟಾಪ್ ಇರಲಿ. ಕನ್ನಡ ಅಕ್ಷರ ಮೂರರಲ್ಲೂ ಬೇರೆ ಬೇರೆ ಥರ ಕಾಣುತ್ತದೆ.

ಹಂತ 1: ಏನು ಕಳಿಸುತ್ತೀರಿ ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ

ಉದಾಹರಣೆಗೆ: "ಪ್ರತಿ ತಿಂಗಳ ಮೊದಲ ಭಾನುವಾರ, ನನ್ನ ಹೊಸ ಕಾದಂಬರಿಗಾಗಿ ಹುಡುಕುವಾಗ ಸಿಕ್ಕ ಹಳೇ ಮೈಸೂರಿನ ಒಂದು ಸಂಗತಿ." ಮಕ್ಕಳಿಗೆ ಬರೆಯುವವರಾದರೆ: "ಹದಿನೈದು ದಿನಕ್ಕೊಮ್ಮೆ, ರಾತ್ರಿ ಮಲಗುವ ಮುಂಚೆ ಓದಿ ಹೇಳಬಹುದಾದ ಒಂದು ಪುಟದ ಕಥೆ." ಇಂಥ ವಾಕ್ಯ ಓದಿದವರಿಗೆ ತಮಗೆ ಏನು ಸಿಗುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ.

"ನನ್ನ ಬರಹ, ಚಿಂತನೆ ಮತ್ತು ಕಾರ್ಯಕ್ರಮಗಳ ಮಾಹಿತಿ" ಅಂತ ಬರೆದರೆ ಕೆಲಸ ಆಗುವುದಿಲ್ಲ. ಅದಕ್ಕೆ ಯಾರೂ ಕಾಯುವುದಿಲ್ಲ, ನಿಮಗೂ ಪ್ರತಿ ತಿಂಗಳು ಎಲ್ಲಿಂದ ಶುರು ಮಾಡೋದು ಅಂತ ತೋಚುವುದಿಲ್ಲ.

ಕನ್ನಡದಲ್ಲಿ ಜಾಸ್ತಿ ಕಾಣುವ ತಪ್ಪು ಇಲ್ಲೇ ಹುಟ್ಟುತ್ತದೆ: ನ್ಯೂಸ್‌ಲೆಟರ್ ಆಹ್ವಾನಪತ್ರಿಕೆ ಆಗಿಬಿಡುವುದು. ಬಿಡುಗಡೆ ಸಮಾರಂಭ, ಸನ್ಮಾನದ ಫೋಟೋ, ‘ಎಲ್ಲರೂ ಬನ್ನಿ’. ಇಮೇಲ್ ವಿಳಾಸ ಕೊಟ್ಟ ಓದುಗರು ಓದಲು ಏನಾದರೂ ಸಿಗುತ್ತದೆ ಅಂತ ಕೊಟ್ಟಿರುತ್ತಾರೆ. ಓದಲಿಕ್ಕೆಂದೇ ನಾಲ್ಕು ಪತ್ರ ಹೋದಮೇಲೆ ಒಂದರಲ್ಲಿ ಪುಸ್ತಕ ಕೊಳ್ಳಿ, ಕಾರ್ಯಕ್ರಮಕ್ಕೆ ಬನ್ನಿ ಅಂತ ಕೇಳಿದರೆ ಸರಿ. ಅದಕ್ಕಿಂತ ಹೆಚ್ಚು ಬೇಡ.

ಶುರುವಿಗೆ ತಿಂಗಳಿಗೊಂದು ಸಾಕು. ವಾರಕ್ಕೊಂದು ಅಂದರೆ ಅದು ಅಂಕಣದ ಕೆಲಸ, ಕಾದಂಬರಿ ಬರೆಯುವ ಸಮಯವನ್ನೇ ತಿನ್ನುತ್ತದೆ.

ಹಂತ 2: ಮೂರು ಸಂಚಿಕೆ ಬರೆದಿಡಿ, ಆಮೇಲೆ ಮುಂದಿನ ಮಾತು

ಪತ್ರ ಕಳಿಸಿಕೊಡುವ ಯಾವ ಸೇವೆ, ಯಾವ ಟೆಂಪ್ಲೇಟ್ (ಪತ್ರದ ಸಿದ್ಧ ವಿನ್ಯಾಸ) ಅಂತ ನೋಡುವ ಮುಂಚೆ ಮೂರು ಪತ್ರ ಪೂರ್ತಿ ಬರೆದು ಮುಗಿಸಿ. ಒಂದೊಂದೂ 600ರಿಂದ 1,000 ಪದ ಇರಲಿ. ಮೂರನೆಯದು ಬರೆಯುವಾಗ ಸಾಮಗ್ರಿ ಖಾಲಿ ಅನ್ನಿಸಿದರೆ ಒಂದನೇ ಹಂತದ ವಾಕ್ಯ ಬದಲಾಯಿಸಿ. ಈಗ ಬದಲಾಯಿಸಿದರೆ ಯಾರಿಗೂ ನಷ್ಟವಿಲ್ಲ. ಓದುಗರು ಸೇರಿದ ಮೇಲೆ ಬದಲಾಯಿಸಿದರೆ ಕೊಟ್ಟ ಮಾತು ತಪ್ಪಿದಂತೆ.

ಎರಡು ವಿಷಯದಲ್ಲಿ ಹುಷಾರಾಗಿರಿ.

ಒಂದು, ಕಥಾಸ್ಪರ್ಧೆ. ವಿಶೇಷಾಂಕಗಳ ಕಥಾಸ್ಪರ್ಧೆಗಳು ಸಾಮಾನ್ಯವಾಗಿ ಎಲ್ಲೂ ಪ್ರಕಟವಾಗದ ಕಥೆಯನ್ನೇ ಕೇಳುತ್ತವೆ. ನ್ಯೂಸ್‌ಲೆಟರಿನಲ್ಲಿ ಕಳಿಸಿದ ಕಥೆಯನ್ನು ಪ್ರಕಟವಾದದ್ದು ಅಂತ ಅವರು ಎಣಿಸಬಹುದು. ದೀಪಾವಳಿಗೆ ಕಳಿಸಬೇಕು ಅಂದುಕೊಂಡ ಕಥೆಯನ್ನು ಪತ್ರದಲ್ಲಿ ಹಾಕಲೇಬೇಡಿ.

ಎರಡು, ಪ್ರಕಾಶಕರ ಹಕ್ಕು. ಅಚ್ಚಾದ ಪುಸ್ತಕದ ಅಧ್ಯಾಯ ಕಳಿಸುವ ಮುಂಚೆ ಒಪ್ಪಂದ ತೆಗೆದು ಓದಿ, ಪ್ರಕಾಶಕರಿಗೆ ಒಂದು ಮಾತು ಹೇಳಿ. ಅನುವಾದ ಆದರೆ ಮೂಲ ಲೇಖಕರ ಅನುಮತಿಯೂ ಬೇಕು.

ಹಂತ 3: ಸೇವೆ ಆರಿಸಿಕೊಳ್ಳಿ

ಜಿಮೇಲ್‌ನಿಂದಲೇ ಎಲ್ಲರಿಗೂ ಬಿಸಿಸಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗ) ಹಾಕಿ ಕಳಿಸಬಹುದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನಕ್ಕಷ್ಟೇ ಕಳಿಸಲು ಬಿಡುತ್ತಾರೆ. ಪಟ್ಟಿಯಿಂದ ಹೊರಗೆ ಹೋಗುವ ಲಿಂಕ್ ಅದರಲ್ಲಿ ಇರುವುದಿಲ್ಲ, ಹಾಗಾಗಿ ಬೇಡವಾದವರು ‘ಇದು ಬೇಡದ ಪತ್ರ’ ಅಂತ ದೂರು ಕೊಡುವ ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಒಂದು ಸಲ ಕೈತಪ್ಪಿ ಬಿಸಿಸಿ ಬದಲು ‘ಟು’ ಜಾಗದಲ್ಲಿ ಹಾಕಿದರೆ ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುತ್ತದೆ.

ಲೇಖಕರಿಗೆ ಸರಿಹೋಗುವ ಸೇವೆಗಳಲ್ಲಿ ಎರಡು ಬಗೆ. ಸಬ್‌ಸ್ಟ್ಯಾಕ್ ಥರದ್ದು ಒಂದು ಬಗೆ. ಅಲ್ಲಿ ಉಚಿತ ಪತ್ರಕ್ಕೆ ದುಡ್ಡಿಲ್ಲ, ತಾಂತ್ರಿಕ ಕೆಲಸ ಬಹುತೇಕ ಇಲ್ಲ, ಪತ್ರ ಅವರದೇ ವಿಳಾಸದಿಂದ ಹೋಗುತ್ತದೆ. ಮೇಲರ್‌ಲೈಟ್, ಮೇಲ್‌ಚಿಂಪ್, ಕಿಟ್, ಬಟನ್‌ಡೌನ್ ಇನ್ನೊಂದು ಬಗೆ. ಅಲ್ಲಿ ನಿಮ್ಮ ಡೊಮೈನಿನಿಂದ ಕಳಿಸಬಹುದು. ಫಾರ್ಮ್, ಸ್ವಾಗತ ಪತ್ರ, ಪಟ್ಟಿಯ ವಿಂಗಡಣೆ ಎಲ್ಲದರಲ್ಲೂ ಹೆಚ್ಚು ಹಿಡಿತ ಇರುತ್ತದೆ. ಉಚಿತ ಯೋಜನೆಯ ಮಿತಿ ಆಗಾಗ ಬದಲಾಗುತ್ತಿರುತ್ತದೆ. ಯಾರೋ ಹೇಳಿದ ಸಂಖ್ಯೆ ನಂಬದೆ ಸೇರುವ ದಿನ ಬೆಲೆಯ ಪುಟ ನೀವೇ ನೋಡಿ.

ಓದುಗರಿಂದ ಚಂದಾ ಪಡೆಯುವ ಆಸೆ ಇದ್ದರೆ ಮೊದಲೇ ವಿಚಾರಿಸಬೇಕಾದ್ದು ಹಣ ಬರುವ ದಾರಿ. ಸಬ್‌ಸ್ಟ್ಯಾಕ್ ಚಂದಾ ಹಣದಲ್ಲಿ ಶೇ. 10 ಇಟ್ಟುಕೊಳ್ಳುತ್ತದೆ, ಪಾವತಿ ಸ್ಟ್ರೈಪ್ ಅನ್ನುವ ಹಣ ವರ್ಗಾವಣೆ ಸೇವೆಯ ಮೂಲಕ ನಡೆಯುತ್ತದೆ. ಭಾರತದಲ್ಲಿ ಸ್ಟ್ರೈಪ್ ಖಾತೆ ಸುಲಭವಾಗಿ ಸಿಗುವುದಿಲ್ಲ. ಖಾತೆ ಕೈಗೆ ಬರುವ ತನಕ ‘ಮುಂದಿನ ತಿಂಗಳಿಂದ ಚಂದಾ’ ಅಂತ ಯಾರಿಗೂ ಹೇಳಬೇಡಿ.

ಯಾವ ಸೇವೆಯಾದರೂ ಸರಿ, ಓದುಗರ ಪಟ್ಟಿಯನ್ನು ಫೈಲಾಗಿ ಇಳಿಸಿಕೊಳ್ಳಲು ಬಿಡುತ್ತದಾ ಅಂತ ನೋಡಿ. ಬಿಡದಿದ್ದರೆ ಆ ಕಡೆ ಹೋಗಬೇಡಿ.

ಹಂತ 4: ಡೊಮೈನ್ ಕಟ್ಟಿ, ದೃಢೀಕರಣ ಮಾಡಿ

ಸಬ್‌ಸ್ಟ್ಯಾಕ್ ಆರಿಸಿದವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಉಳಿದವರಿಗೆ ಇದೇ ಮುಖ್ಯ ಹಂತ. ಪತ್ರ ಯಾರಿಗೂ ಸಿಗದಿರಲು ಬಹಳ ಸಲ ಕಾರಣ ಇಲ್ಲಿರುತ್ತದೆ.

ನಿಮ್ಮ ಜಿಮೇಲ್ ವಿಳಾಸವನ್ನೇ ‘ಕಳಿಸಿದವರು’ ಅಂತ ಹಾಕಿ ಬೇರೆ ಸೇವೆಯಿಂದ ಪತ್ರ ಕಳಿಸಿದರೆ, ತಲುಪುವ ಕಡೆ ಅನುಮಾನ ಬರುತ್ತದೆ. ಗೂಗಲ್‌ನ ವಿಳಾಸ ಇದೆ, ಆದರೆ ಪತ್ರ ಗೂಗಲ್‌ನಿಂದ ಬಂದಿಲ್ಲ. ಅಂಥದ್ದು ಸ್ಪ್ಯಾಮ್‌ಗೆ ಹೋಗುವ ಸಾಧ್ಯತೆ ಜಾಸ್ತಿ. ಅದಕ್ಕೇ ಸ್ವಂತ ಡೊಮೈನ್ ಇದ್ದರೆ ಒಳ್ಳೆಯದು ಅಂದದ್ದು. ಜೊತೆಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (SPF, DKIM, DMARC) ಅನ್ನುವ ಮೂರು ದಾಖಲೆ ಬೇಕು; ಪತ್ರ ನಿಜವಾಗಿ ನಿಮ್ಮ ಡೊಮೈನಿನದೇ ಅಂತ ತೋರಿಸುವುದು ಇವುಗಳ ಕೆಲಸ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಜಿಮೇಲ್ ಮೂರನ್ನೂ ಕಡ್ಡಾಯ ಮಾಡಿದೆ. ನಿಮ್ಮ ಪಟ್ಟಿ ಚಿಕ್ಕದಾದರೂ ಮೂರನ್ನೂ ಮಾಡಿಬಿಡಿ.

ಸರದಿ ಹೀಗಿರಲಿ:

1. ಸೇವೆಯ ಸೆಟ್ಟಿಂಗ್‌ನಲ್ಲಿ ನಿಮ್ಮ ಡೊಮೈನ್ ಹೆಸರು ಸೇರಿಸಿ. ಅವರು ಕೆಲವು ಸಾಲು ಕೊಡುತ್ತಾರೆ.
2. ಡೊಮೈನ್ ಕೊಂಡ ಕಡೆ ಲಾಗಿನ್ ಆಗಿ, ಡೊಮೈನಿನ ಸೆಟ್ಟಿಂಗ್ ಇರುವ ಡಿಎನ್‌ಎಸ್ ಪುಟದಲ್ಲಿ ಆ ಸಾಲುಗಳನ್ನು ಹಾಗೇ ಕಾಪಿ ಮಾಡಿ ಹಾಕಿ. ಕೈಯಲ್ಲಿ ಟೈಪ್ ಮಾಡಬೇಡಿ. ಒಂದು ಚುಕ್ಕೆ ತಪ್ಪಿದರೂ ಕೆಲಸ ಮಾಡುವುದಿಲ್ಲ.
3. ಮೊದಲೇ ಒಂದು ಎಸ್‌ಪಿಎಫ್ ಸಾಲು ಇದೆಯಾ ನೋಡಿ. ಒಂದು ಡೊಮೈನಿಗೆ ಒಂದೇ ಇರಬೇಕು. ಇದ್ದರೆ ಹೊಸದನ್ನು ಅದರೊಳಗೇ ಸೇರಿಸಬೇಕು.
4. ಕೆಲವು ಗಂಟೆ ಬಿಟ್ಟು ಸೇವೆಯ ಪುಟದಲ್ಲಿ ಪರಿಶೀಲನೆಯ ಬಟನ್ ಒತ್ತಿ. ಒಂದೆರಡು ದಿನವೂ ಹಿಡಿಯಬಹುದು.
5. ನಿಮ್ಮದೇ ಜಿಮೇಲ್‌ಗೆ ಒಂದು ಪರೀಕ್ಷಾ ಪತ್ರ ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕೆಯ ಮೆನುವಿನಿಂದ ‘ಶೋ ಒರಿಜಿನಲ್’ ಆರಿಸಿ. ಮೂರರ ಮುಂದೆಯೂ ‘ಪಾಸ್’ ಅಂತ ಇರಬೇಕು.

ಮೂರೂ ಪಾಸ್ ಆಗುವ ತನಕ ಒಬ್ಬ ಓದುಗರನ್ನೂ ಸೇರಿಸಬೇಡಿ.

ಪತ್ರದ ಅಡಿಯಲ್ಲಿ ಹಾಕಲು ಅಂಚೆ ವಿಳಾಸವನ್ನೂ ಸೇವೆಯವರು ಕೇಳುತ್ತಾರೆ. ಅಮೆರಿಕದ ಇಮೇಲ್ ಕಾನೂನಿನಲ್ಲಿ ಅದು ಕಡ್ಡಾಯ, ಅಲ್ಲಿರುವ ಕನ್ನಡಿಗರೂ ನಿಮ್ಮ ಓದುಗರೇ. ಮನೆ ವಿಳಾಸ ಸಾವಿರ ಜನಕ್ಕೆ ಹೋಗುವುದು ಬೇಡ. ಪ್ರಕಾಶಕರು ಒಪ್ಪಿದರೆ ಅವರ ಕಚೇರಿ ವಿಳಾಸ ಹಾಕಿ, ಇಲ್ಲದಿದ್ದರೆ ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ತೆಗೆದುಕೊಳ್ಳಿ. ಬರಹಗಾರ್ತಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ, ದಯವಿಟ್ಟು ಉದಾಸೀನ ಮಾಡಬೇಡಿ.

ಹಂತ 5: ಕನ್ನಡ ಅಕ್ಷರ ಸರಿಯಾಗಿ ಕಾಣುವಂತೆ ಮಾಡಿ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಹಂತ ಇರುವುದೇ ಇಲ್ಲ. ನಮಗೆ ಅರ್ಧ ತೊಂದರೆ ಇಲ್ಲೇ.

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಬರಹ ಯೂನಿಕೋಡ್ ಅಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಕನ್ನಡವಾಗಿ ಕಾಣುತ್ತದೆ. ಓದುಗರ ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ಡಿಟಿಪಿಯವರಿಂದ ಬರುವ ಪುಸ್ತಕದ ಫೈಲುಗಳು ಬಹಳಷ್ಟು ಸಲ ಹೀಗೇ ಇರುತ್ತವೆ. ಕನ್ವರ್ಟರ್ ಬಳಸಿ ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಪೂರ್ತಿ ಒಮ್ಮೆ ಓದಿ. ಅರ್ಕಾವತ್ತು, ಒತ್ತಕ್ಷರ, ಅಂಕಿ, ಉದ್ಧರಣ ಚಿಹ್ನೆ ಇರುವ ಕಡೆ ಕನ್ವರ್ಟರ್ ಎಡವುತ್ತದೆ.

ವರ್ಡ್‌ನಿಂದ ನೇರ ಪೇಸ್ಟ್ ಮಾಡಬೇಡಿ. ಕಣ್ಣಿಗೆ ಕಾಣದ ಫಾರ್ಮ್ಯಾಟಿಂಗ್ ಎಲ್ಲ ಜೊತೆಗೆ ಬರುತ್ತದೆ. ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿದರೆ ಬರಿಯ ಅಕ್ಷರ ಮಾತ್ರ ಬರುತ್ತದೆ.

ಅಲಂಕಾರದ ಕನ್ನಡ ಫಾಂಟಿನ ಆಸೆ ಬಿಡಿ. ನೀವು ಆರಿಸಿದ ಫಾಂಟ್ ಜಿಮೇಲ್‌ನಲ್ಲಿ ತೆರೆಯುವುದಿಲ್ಲ. ಓದುಗರ ಯಂತ್ರದಲ್ಲಿರುವ ಫಾಂಟೇ ಬರುತ್ತದೆ: ಆಂಡ್ರಾಯ್ಡ್‌ನಲ್ಲಿ ನೋಟೋ, ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ, ಆ್ಯಪಲ್‌ನಲ್ಲಿ ಕನ್ನಡ ಸಂಗಮ್. ನಿಮ್ಮ ಕೈಯಲ್ಲಿರುವುದು ಅಳತೆ ಮಾತ್ರ. ಅಕ್ಷರ 17 ಅಥವಾ 18 ಪಿಕ್ಸೆಲ್ ಇರಲಿ. ಸಾಲಿನ ಅಂತರ 1.6ಕ್ಕಿಂತ ಕಡಿಮೆ ಬೇಡ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವಿನ ಅಂತರದ ಸೆಟ್ಟಿಂಗ್ ಸೊನ್ನೆಯಲ್ಲೇ ಇರಲಿ. ವಾಲುವ ಅಕ್ಷರ ಕನ್ನಡಕ್ಕೆ ಒಪ್ಪುವುದಿಲ್ಲ, ಒತ್ತು ಕೊಡಬೇಕಾದ ಕಡೆ ದಪ್ಪ ಅಕ್ಷರ ಬಳಸಿ.

ಕವಿತೆಯನ್ನು ಚಿತ್ರ ಮಾಡಿ ಕಳಿಸುವ ರೂಢಿ ವಾಟ್ಸ್ಆ್ಯಪ್‌ನಿಂದ ಬಂದದ್ದು. ಇಮೇಲ್‌ನಲ್ಲಿ ಬೇಡ. ಚಿತ್ರ ತೆರೆಯದಿದ್ದರೆ ಖಾಲಿ ಪೆಟ್ಟಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ, ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರಿಗೆ ಅದರಲ್ಲಿ ಏನೂ ಇಲ್ಲ.

ಇನ್ನು ಉದ್ದದ ವಿಷಯ. ಪತ್ರದ ಗಾತ್ರ 102 ಕೆಬಿ ದಾಟಿದರೆ ಜಿಮೇಲ್ ಅದನ್ನು ನಡುವೆ ಕತ್ತರಿಸಿ, ಉಳಿದದ್ದನ್ನು ನೋಡಲು ಲಿಂಕ್ ಹಾಕುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ (ಫೈಲಿನ ಗಾತ್ರದ ಚಿಕ್ಕ ಅಳತೆ) ಸಾಕು. ಯೂನಿಕೋಡ್‌ನಲ್ಲಿ ‘ಕ’ ಅಂದರೆ ಮೂರು ಬೈಟ್, ‘ಕ್ಷಿ’ ಅಂದರೆ ಹನ್ನೆರಡು. ಮೂರು ಸಾವಿರ ಪದದ ಕನ್ನಡ ಕಥೆಗೆ ಬರಿಯ ಅಕ್ಷರವೇ ಸುಮಾರು 75 ಕೆಬಿ ಆಗುತ್ತದೆ. ಅದರ ಮೇಲೆ ಟೆಂಪ್ಲೇಟಿನ ಭಾರ. ಕತ್ತರಿಸಿದಾಗ ತಳದಲ್ಲಿರುವ, ಪಟ್ಟಿಯಿಂದ ಹೊರಗೆ ಹೋಗುವ ಅನ್‌ಸಬ್‌ಸ್ಕ್ರೈಬ್ ಲಿಂಕ್ ಮರೆಯಾಗುತ್ತದೆ, ಬೇಡವಾದವರ ಕೈ ಸ್ಪ್ಯಾಮ್ ಬಟನ್ನಿಗೆ ಹೋಗುತ್ತದೆ. ಉದ್ದದ ಕಥೆ ಇದ್ದರೆ ಮೊದಲ ಭಾಗ ಪತ್ರದಲ್ಲಿ ಹಾಕಿ, ಉಳಿದದ್ದಕ್ಕೆ ಲಿಂಕ್ ಕೊಡಿ.

ಹಂತ 6: ಫಾರ್ಮ್ ಮತ್ತು ಸ್ವಾಗತ ಪತ್ರ

ಓದುಗರು ಸೇರಲು ತುಂಬುವ ಫಾರ್ಮಿನಲ್ಲಿ ಇಮೇಲ್ ಮಾತ್ರ ಕೇಳಿ. ಊರು, ವಯಸ್ಸು, ಫೋನ್ ನಂಬರ್ ಕೇಳಿದಷ್ಟೂ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ಹೆಸರೂ ಬೇಕಿಲ್ಲ. ಪತ್ರದ ಮೇಲೆ ಓದುಗರ ಹೆಸರು ತಾನಾಗಿ ಬರುವಂತೆ ಮಾಡುವುದು ಇಂಗ್ಲಿಷಿಗೆ ಹೊಂದುತ್ತದೆ. ಕನ್ನಡದಲ್ಲಿ ಜನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತುಂಬಿರುತ್ತಾರೆ, ಅದಕ್ಕೆ ‘ಅವರೇ’, ‘ಅವರಿಗೆ’ ಅಂಟಿಸಿದರೆ ಬ್ಯಾಂಕಿನ ಪತ್ರ ಆಗುತ್ತದೆ. ‘ಪ್ರಿಯ ಓದುಗರೇ’ ಸಾಕು.

ಒಂದನೇ ಹಂತದ ವಾಕ್ಯವನ್ನು ಫಾರ್ಮಿನ ಮೇಲೆ ಹಾಗೇ ಹಾಕಿ. ಎರಡು ಸಲ ಒಪ್ಪಿಗೆ ಪಡೆಯುವ ಆಯ್ಕೆ ಇದ್ದರೆ ಆನ್ ಮಾಡಿ. ಅಂದರೆ ಸೇರಿದವರಿಗೆ ಒಂದು ಪತ್ರ ಹೋಗುತ್ತದೆ, ಅದರಲ್ಲಿನ ಲಿಂಕ್ ಒತ್ತಿದರೆ ಮಾತ್ರ ಪಟ್ಟಿಗೆ ಸೇರುತ್ತಾರೆ. ತಪ್ಪು ವಿಳಾಸಗಳು ಇಲ್ಲೇ ನಿಲ್ಲುತ್ತವೆ. ಈ ಪತ್ರ ಮೂಲದಲ್ಲಿ ಇಂಗ್ಲಿಷಿನಲ್ಲಿರುತ್ತದೆ. ಬದಲಾಯಿಸಲು ಬಿಡುವ ಸೇವೆಯಾದರೆ ಕನ್ನಡಕ್ಕೆ ಬದಲಾಯಿಸಿ: "ದಯವಿಟ್ಟು ಕೆಳಗಿನ ಬಟನ್ ಒತ್ತಿ, ಆಗಷ್ಟೇ ಪತ್ರ ನಿಮಗೆ ಬರುತ್ತದೆ."

ಸ್ವಾಗತ ಪತ್ರ ಸೇರಿದ ತಕ್ಷಣ ತಾನಾಗಿ ಹೋಗಬೇಕು. ಅದರಲ್ಲಿ ಓದಲು ಏನಾದರೂ ಇರಲಿ, ಒಂದು ಚಿಕ್ಕ ಕಥೆಯೋ ಪ್ರಬಂಧವೋ. ಕೊನೆಯಲ್ಲಿ ಉತ್ತರಿಸಲು ಸುಲಭವಾದ ಪ್ರಶ್ನೆ ಕೇಳಿ: "ಈಗ ಯಾವ ಪುಸ್ತಕ ಓದುತ್ತಿದ್ದೀರಿ?" ಒಮ್ಮೆ ಉತ್ತರ ಬರೆದ ಓದುಗರ ಇನ್‌ಬಾಕ್ಸ್‌ಗೆ ನಿಮ್ಮ ಮುಂದಿನ ಪತ್ರ ಸರಿಯಾಗಿ ಬೀಳುವ ಸಾಧ್ಯತೆ ಹೆಚ್ಚು. ಬಂದ ಉತ್ತರಕ್ಕೆಲ್ಲ ನೀವೇ ಕೂತು ಮಾರುತ್ತರ ಬರೆಯಿರಿ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಭಾಗ ಇದು.

ಹಂತ 7: ಓದುಗರನ್ನು ಸೇರಿಸಿಕೊಳ್ಳಿ

ಒಪ್ಪಿಗೆ ಇಲ್ಲದ ಒಂದು ವಿಳಾಸವೂ ಪಟ್ಟಿಗೆ ಬರಬಾರದು. ಸಾಹಿತ್ಯ ಸಂಘದ ಸದಸ್ಯರ ಪಟ್ಟಿ, ಯಾರೋ ಗೆಳೆಯರು ಕೊಟ್ಟ ‘ಎರಡು ಸಾವಿರ ಇಮೇಲ್’, ಫೋನಿನ ಕಾಂಟ್ಯಾಕ್ಟ್, ಯಾವುದೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಂತಿರುವುದೇ ಒಪ್ಪಿಗೆಯ ಮೇಲೆ. ಕಾನೂನು ಹಾಗಿರಲಿ, ಲೆಕ್ಕ ನೋಡಿ. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು ಅನ್ನುತ್ತದೆ ಗೂಗಲ್. 300 ಜನರ ಪಟ್ಟಿಯಲ್ಲಿ ಒಬ್ಬರು ಬಟನ್ ಒತ್ತಿದರೂ ಆ ಗೆರೆ ದಾಟಿದಂತೆ.

ಓದುಗರು ಸಿಗುವ ಜಾಗಗಳು ಇವು:

ಪುಸ್ತಕದ ಕೊನೆಯ ಪುಟ. ಕಥೆ ಮುಗಿಸಿದ ಓದುಗರು ನಿಮಗೆ ತುಂಬಾ ಹತ್ತಿರ ಇರುವ ಹೊತ್ತು ಅದು. ಅಲ್ಲಿ ಕ್ಯೂಆರ್ ಕೋಡ್ ಮತ್ತು ಒಂದು ಸಾಲು ಹಾಕಲು ಪ್ರಕಾಶಕರನ್ನು ಕೇಳಿ. ಕೋಡ್ ನಿಮ್ಮ ಸ್ವಂತ ಡೊಮೈನಿನ ಪುಟಕ್ಕೆ ಹೋಗಲಿ. ಸೇವೆಯ ಪುಟಕ್ಕೆ ನೇರ ಕೊಟ್ಟರೆ, ನಾಳೆ ಸೇವೆ ಬದಲಿಸಿದಾಗ ಅಚ್ಚಾದ ಎಲ್ಲ ಪ್ರತಿಗಳ ಕೋಡ್ ಸತ್ತುಹೋಗುತ್ತದೆ.

ಬಿಡುಗಡೆ ಸಮಾರಂಭ ಮತ್ತು ಸಾಹಿತ್ಯ ಸಮ್ಮೇಳನದ ಮಳಿಗೆ. ನೋಟ್‌ಬುಕ್ ಇಟ್ಟು ಬರೆಸಿಕೊಂಡರೆ ಅರ್ಧ ವಿಳಾಸ ಓದಲಾಗುವುದಿಲ್ಲ. ಕ್ಯೂಆರ್ ಕೋಡನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಸಮ್ಮೇಳನದ ಜನಸಂದಣಿಯಲ್ಲಿ ನೆಟ್‌ವರ್ಕ್ ಕೈಕೊಡುವುದು ಮಾಮೂಲು. ಮಳಿಗೆಯಲ್ಲಿ ಕೊಡುವ ಬುಕ್‌ಮಾರ್ಕಿನ ಮೇಲೂ ಕೋಡ್ ಇದ್ದರೆ ಮನೆಗೆ ಹೋಗಿ ಸೇರುತ್ತಾರೆ.

ವಾಟ್ಸ್ಆ್ಯಪ್. ನಮ್ಮ ಓದುಗರು ಬಹಳಷ್ಟು ಜನ ಅಲ್ಲೇ ಇದ್ದಾರೆ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಅದು ನ್ಯೂಸ್‌ಲೆಟರಿಗೆ ಬದಲಿ ಆಗುವುದಿಲ್ಲ. ಸೇರುವ ಲಿಂಕ್ ಹಂಚಲು ಮಾತ್ರ ಬಳಸಿ, ಜೊತೆಗೆ ಆ ತಿಂಗಳ ಪತ್ರದ ಒಂದು ಒಳ್ಳೆಯ ಪ್ಯಾರಾ ಇರಲಿ.

ಹಂತ 8: ಕಳಿಸುವ ದಿನ

ಕಳಿಸಿದವರ ಹೆಸರು ಪುಸ್ತಕದ ಮುಖಪುಟದಲ್ಲಿ ಇರುವಂತೆಯೇ ಇರಲಿ, ಮತ್ತೆ ಬದಲಾಯಿಸಬೇಡಿ. ವಿಷಯದ ಸಾಲಿನಲ್ಲಿ ಮೊದಲ ನಾಲ್ಕು ಪದ ಮುಖ್ಯ. ಕನ್ನಡ ಪದ ಉದ್ದ, ಫೋನಿನಲ್ಲಿ ಅಷ್ಟೇ ಕಾಣುವುದು. ‘ಸಂಚಿಕೆ 3, ಮಾರ್ಚ್’ ಅಂತ ಶುರು ಮಾಡಿದರೆ ಇದ್ದ ಜಾಗವೆಲ್ಲ ಹೋಯಿತು. ‘ಅರಮನೆ ಅಡುಗೆಯವರ ಸಂಬಳದ ಚೀಟಿ’ ಅಂದರೆ ತೆರೆಯುತ್ತಾರೆ.

ಮೂವರು ಪರೀಕ್ಷಕರಿಗೆ ಹಿಂದಿನ ದಿನ ಕಳಿಸಿ. ಸ್ಕ್ರೀನ್‌ಶಾಟ್ ಕೇಳಿ, ‘ಚೆನ್ನಾಗಿದೆ’ ಅನ್ನುವ ಉತ್ತರ ಸಾಲದು. ಎಲ್ಲ ಲಿಂಕ್ ಒತ್ತಿ ನೋಡಲು ಹೇಳಿ, ಅನ್‌ಸಬ್‌ಸ್ಕ್ರೈಬ್ ಕೂಡ. ಡಾರ್ಕ್ ಮೋಡ್‌ನಲ್ಲಿ ಒಬ್ಬರಾದರೂ ನೋಡಲಿ. ಹೊಸ ಡೊಮೈನ್ ಆದರೆ ಮೊದಲ ಸಲ ಎಲ್ಲರಿಗೂ ಒಟ್ಟಿಗೆ ಕಳಿಸಬೇಡಿ. ಐವತ್ತು, ನೂರು ಅಂತ ಎರಡು ಮೂರು ದಿನದಲ್ಲಿ ಕಳಿಸಿ.

ಹಂತ 9: ಕಳಿಸಿದ ಮೇಲೆ ನೋಡಬೇಕಾದ ಗುರುತುಗಳು

ಎಷ್ಟು ಜನ ತೆರೆದರು ಅನ್ನುವ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. 2021ರಲ್ಲಿ ಆ್ಯಪಲ್ ತಂದ ಗೌಪ್ಯತೆಯ ವ್ಯವಸ್ಥೆ, ಓದುಗರು ತೆರೆಯದಿದ್ದರೂ ತೆರೆದಂತೆ ತೋರಿಸಬಹುದು. ಉತ್ತರ ಎಷ್ಟು ಬಂತು, ಲಿಂಕ್ ಎಷ್ಟು ಜನ ಒತ್ತಿದರು, ಅದನ್ನು ನೋಡಿ.

ಒಂದೇ ಸಂಚಿಕೆಗೆ ತುಂಬಾ ಪತ್ರಗಳು ವಾಪಸ್ ಬಂದರೆ ಪಟ್ಟಿಯಲ್ಲಿ ತಪ್ಪು ವಿಳಾಸ ಸೇರಿವೆ ಅಂತ ಅರ್ಥ, ಮುಂದಿನದನ್ನು ಕಳಿಸುವ ಮುಂಚೆ ತೆಗೆಯಿರಿ. ಜಿಮೇಲ್ ಓದುಗರಲ್ಲಿ ತೆರೆಯುವವರು ಏಕಾಏಕಿ ಕಡಿಮೆಯಾದರೆ ನಾಲ್ಕನೇ ಹಂತದ ಐದನೇ ಕೆಲಸ ಮತ್ತೆ ಮಾಡಿ. ಡೊಮೈನ್ ಅವಧಿ ಮುಗಿದಿದ್ದರೂ ಹೀಗಾಗುತ್ತದೆ. ಬಿಡುಗಡೆಯ ಪತ್ರ ಹೋದ ದಿನ ಬಹಳ ಜನ ಬಿಟ್ಟುಹೋದರೆ, ‘ಕೊಳ್ಳಿ, ಬನ್ನಿ’ ಅಂತ ಕೇಳುವ ಪತ್ರಗಳು ಜಾಸ್ತಿ ಆಗಿವೆ ಅಂತ ಅರ್ಥ. ಒಬ್ಬಿಬ್ಬರು ಬಿಟ್ಟುಹೋದರೆ ಬೇಸರ ಬೇಡ, ಅವರು ಸ್ಪ್ಯಾಮ್ ಒತ್ತದೆ ಸರಿಯಾದ ಬಾಗಿಲಿನಿಂದಲೇ ಹೋಗಿದ್ದಾರೆ.

ಆರು ತಿಂಗಳಿಂದ ಏನನ್ನೂ ತೆರೆಯದವರಿಗೆ "ಪತ್ರ ಮುಂದುವರಿಸಲಾ?" ಅಂತ ಒಂದು ಸಲ ಕೇಳಿ. ಉತ್ತರ ಬರದಿದ್ದರೆ ಪಟ್ಟಿಯಿಂದ ತೆಗೆಯಿರಿ.

ಪ್ರತಿ ಸಂಚಿಕೆ ಹೋದಮೇಲೆ ಓದುಗರ ಪಟ್ಟಿಯ ಫೈಲ್ ಇಳಿಸಿಟ್ಟುಕೊಳ್ಳಿ. ಅದರಲ್ಲಿ ಕನ್ನಡ ಅಕ್ಷರ ಇದ್ದು, ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕೆಟ್ಟು ಕಾಣಬಹುದು. ಹಾಗೆ ಕಂಡಾಗ ಸೇವ್ ಮಾಡಬೇಡಿ, ಮಾಡಿದರೆ ನಿಜವಾಗಿಯೂ ಕೆಡುತ್ತದೆ. ಮುಚ್ಚಿ, ‘ಡೇಟಾ’ ಮೆನುವಿನಿಂದ ಫೈಲನ್ನು ತರಿಸಿಕೊಂಡು, ಅಕ್ಷರ ಸಂಕೇತ ಕೇಳುವ ಕಡೆ ಯುಟಿಎಫ್-8 ಆರಿಸಿ. ಅಕ್ಷರ ಸರಿಯಾಗಿ ಬರುತ್ತದೆ.